ಕರವಸ್ತ್ರದ ಮೇಲಿನ ಧ್ಯೇಯವಾಕ್ಯ

ಗೆಳೆಯರೇ, ಇಂದು ಮುಂಡಗೋಡಿಗೆ ಹೆಣ್ಣು ನೋಡಲು ಹೋಗಿ ಮಾನ ಕಳೆದುಕೊಂಡೆ. ದೊಡ್ಡವರಿಗೆಲ್ಲ ಒಂದು ಧ್ಯೇಯವಾಕ್ಯ ಇರುತ್ತದೆಂದು ಕೇಳಿದ್ದೆ. ನನಗೂ ಒಂದಿರಲಿ ಎಂದು, ಹಳಿಯಾಳದ ನಮ್ಮ ಕಟ್ಟಿಗೆ ಡಿಪೋದ ಸಾಹೇಬರ ಬಿಸ್ಕೀಟು ಡಬ್ಬಿಯ ಮೇಲೆ ಅಂದವಾಗಿ ಕಂಡ ಇಂಗ್ಲಿಷ್ ಸಾಲೊಂದನ್ನು ತಂಗಿಯಿಂದ ಕರವಸ್ತ್ರದ ಮೇಲೆ ಕಸೂತಿ ಹಾಕಿಸಿಕೊಂಡಿದ್ದೆ. ನನಗೆ ಇಂಗ್ಲಿಷ್ ಬಾರದು.

ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮುಖಕ್ಕೆ ಹತ್ತಿದ ಮಸಿಯನ್ನು ಹುಡುಗಿಯ ಮನೆಯಲ್ಲಿ ಕೂತು ಒರೆಸಿಕೊಳ್ಳಲು ಅದನ್ನು ತೆಗೆದೆ. ಹುಡುಗಿಯ ತಂದೆ ಕಣ್ಣರಳಿಸಿ ಕೇಳಿದರು: “ಏನ್ ಬರದೈತ್ರಿ ಅದರ ಮ್ಯಾಲ?”

“ನನ್ನ ಧ್ಯೇಯವಾಕ್ಯರಿ. ಸತ್ಯದ ಹಾದಿ ಬಿಡಬಾರದು ಅಂತ ಅರ್ಥ,” ಎಂದೆ ಗತ್ತಿನಿಂದ.

ಧಾರವಾಡದಲ್ಲಿ ಮ್ಯಾಟ್ರಿಕ್ ಓದಿದ ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು, ಬಾಗಿ ಓದಿದಳು. “ಅಪ್ಪಾ, ‘ತಂಪಾದ, ಒಣ ಜಾಗಾದಾಗ ಇಡ್ರಿ’ ಅಂತ ಐತಿ,” ಎಂದವಳೇ ನಗು ತಡೆಯಲಾಗದೆ ಒಳಗೆ ಓಡಿದಳು.

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಅವಳ ತಂದೆ ಬಸ್ಸಿನ ತನಕ ಏದುಸಿರು ಬಿಡುತ್ತ ಓಡಿಬಂದರು.

“ನಿಲ್ರೀ! ಹುಡುಗಿ ಒಪ್ಪ್ಯಾಳ. ಬಂದ ವರಗಳೊಳಗ ಅಕಿನ್ನ ನಗಿಸಿದವರು ನೀವೊಬ್ಬರ ಅಂತ್ರಿ.”

ಗಂಭೀರವಾಗಿ ಕಾಣಲೆಂದು ಕಷ್ಟಪಟ್ಟು ಬೆಳೆಸಿದ ಮೀಸೆಯನ್ನು ನಾಳೆಯೇ ಬೋಳಿಸಬೇಕು.