ಅತ್ತೆಯ ತೊಟ್ಟಿಯ ಓಡುವ ಹುಳ

ದೇವಲಾಪುರದ ನನ್ನ ಸೋದರತ್ತೆಗೆ ಎರೆಹುಳು ಗೊಬ್ಬರದ ತೊಟ್ಟಿಯೆಂದರೆ ದೇವರ ಕೋಣೆಯಷ್ಟೇ ಮಡಿ. ಚಪ್ಪಲಿ ಮೆಟ್ಟಿಕೊಂಡು ಹತ್ತಿರ ಸುಳಿಯುವಂತಿಲ್ಲ. ಯಾರು ಕೇಳಿದರೂ ಮೊಸರಿಗೆ ಹೆಪ್ಪು ಕೊಟ್ಟಂತೆ ಒಂದು ಹಿಡಿ ಹುಳ ಕೊಡುತ್ತಾಳೆ. ತೀರಾ ಬೇಕಾದವರಿಗೆ ಮಾತ್ರ ಅವಳ 'ಓಡುವ ಹುಳ'. ಕಪ್ಪಗೆ ಹೊಳೆಯುವ, ಅಂಗೈಲಿಟ್ಟರೆ ಸರಸರನೆ ಬೆರಳ ಸಂದಿ ಹುಡುಕುವ ಅವುಗಳೇ ತೊಟ್ಟಿಯ ಚುರುಕು ಕೆಲಸಗಾರರೆಂದು ಅವಳ ನಂಬಿಕೆ.

ನಾನು ನಾಗಮಂಗಲದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳುವವನು. ಕಂಡದ್ದಕ್ಕೆಲ್ಲ ಹೆಸರು ಹುಡುಕದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಹೋದ ಮಳೆಗಾಲದ ಒಂದು ಭಾನುವಾರ ಅತ್ತೆ ಹೆಮ್ಮೆಯಿಂದ ತೋರಿಸಿದ ಹುಳಕ್ಕೆ ಉಂಗುರಗಳಿರಲಿಲ್ಲ, ಲೋಳೆಯೂ ಇರಲಿಲ್ಲ. ನನಗೆ ಅನುಮಾನ ಬಂತು. ಪೆನ್ನಿನ ರೀಫಿಲ್ಲು ತೆಗೆದು, ಆ ಗಾಜಿನಂಥ ಕೊಳವೆಯೊಳಗೆ ಅದನ್ನು ನುಸುಳಿಸಿ, ಭೂತಗನ್ನಡಿ ಹಿಡಿದು ಜಗಲಿಯ ಮೇಲೆ ಬೋರಲು ಮಲಗಿದೆ. ತಲೆಯ ಹುರುಪೆಯಡಿ ಕಣ್ಣೆಂಬ ಎರಡು ಕರಿ ಚುಕ್ಕೆ, ಬಾಲದ ತುದಿಗೆ ಪುಟ್ಟ ಮುಳ್ಳು. ಒಮ್ಮೆ ನಾಲಗೆಯನ್ನೂ ಚಾಚಿತು. ಮೈಸುತ್ತಲ ಹುರುಪೆ ಸಾಲುಗಳನ್ನು ಎಣಿಸಿದೆ. ಎರಡು ಸಲ ತಪ್ಪಿ ಮೂರನೆಯ ಸಲ ಪುಸ್ತಕದ ಲೆಕ್ಕದಂತೆ ಇಪ್ಪತ್ತೇ ಬಂತು. ಹುಳುಹಾವು! ಮಣ್ಣೊಳಗೇ ಬಾಳುವ ಈ ಕುರುಡು ಹಾವನ್ನು ಅಲ್ಲಿಯವರೆಗೆ ಪುಸ್ತಕದಲ್ಲಷ್ಟೇ ನೋಡಿದ್ದೆ. ಖುಷಿಗೆ ಕುಣಿಯುವುದೊಂದು ಬಾಕಿ.

"ಅತ್ತೆ, ಇದು ಹಾವು" ಎಂದೆ.

ಹಾವೆಂದು ಅವಳು ಹೆದರಲಿಲ್ಲ. ಆದರೂ ತೊಟ್ಟಿಕಟ್ಟೆಯ ಮೇಲೆ ಕುಸಿದು ಕೂತಳು. ಹಿಂದಿನ ತಿಂಗಳಷ್ಟೇ ಸೊಸೆಯ ತಾಯಿಗೆ, ಗೋವಿಂದನಹಳ್ಳಿಯ ಬೀಗಿತ್ತಿಗೆ, ಒಂದು ಡಬ್ಬಿ ಓಡುವ ಹುಳವನ್ನೇ ಆರಿಸಿ ಆರಿಸಿ ಕಳಿಸಿದ್ದಳಂತೆ.

"ಬೀಗರ ಮನೆಗೆ ಹಾವು ಕಳಿಸ್ದೋಳು ಅಂತಾರೆ ಕಣ್ಲಾ. ನನ್ ಸೊಸೆ ಮೊಕ ಎಂಗ್ಲಾ ನೋಡ್ಲಿ?"

ವಿಷವಿಲ್ಲ, ಕಚ್ಚಲು ಬಾಯೂ ಸಾಲದು, ಇರುವೆ ಗೆದ್ದಲುಗಳ ಮೊಟ್ಟೆ ತಿಂದುಕೊಂಡಿರುತ್ತದೆ ಎಂದೆಲ್ಲ ಹೇಳಿದೆ. ಅವಳ ಕಿವಿಗೆ ಬೀಳಲಿಲ್ಲ. ಗುಟ್ಟಾಗಿ ಹೋಗಿ ಅವನ್ನೆಲ್ಲ ಆರಿಸಿ ತರಬೇಕು, ಅಷ್ಟೇ. ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ನನ್ನ ಬೈಕು ಹತ್ತಿಯೇಬಿಟ್ಟಳು. ಕೆ.ಆರ್. ಪೇಟೆ ದಾಟುವವರೆಗೂ ನಾನು ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿಸಿದಳು: ಗೊಬ್ಬರದ ಹದ ನೋಡಲು ಬಂದಿದ್ದೇವೆ.

ಬೀಗಿತ್ತಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬಳೇ ಹೊಲ ಮಾಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವಳು. ಕಾಫಿ ಕೊಡುತ್ತಲೇ ನಮ್ಮ ಹುಳಗಳನ್ನು ಹೊಗಳತೊಡಗಿದಳು. ತೊಟ್ಟಿಯಲ್ಲಿ ಇರುವೆ ಕಾಟ ವಿಪರೀತವಿತ್ತಂತೆ. ಇವು ಬಂದ ಮೇಲೆ ತಗ್ಗಿದೆಯಂತೆ. ನಾನು ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆಗೇ ತಡೆಯಲಾಗಲಿಲ್ಲ.

"ಅವು ಉಳ ಅಲ್ಲ ಕಣವ್ವ, ಆವು. ತಿಳೀದೆ ಕಳಿಸ್ಬುಟ್ಟೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮೌನ ಕಂಡರೆ ಪಾಠ ಶುರುಮಾಡುವುದು ಮೇಷ್ಟರ ಚಟ. ಈ ಜಾತಿಯಲ್ಲಿ ಗಂಡೇ ಇಲ್ಲ, ಎಲ್ಲವೂ ಹೆಣ್ಣು, ಒಂದೇ ಒಂದಿದ್ದರೂ ಮೊಟ್ಟೆಯಿಟ್ಟು ವಂಶ ಬೆಳೆಸುತ್ತದೆ, ಹುಟ್ಟುವವೂ ಹೆಣ್ಣೇ ಎಂದು ಒಂದೇ ಉಸಿರಿಗೆ ಒದರಿದೆ. ಬೀಗಿತ್ತಿ ಹಿತ್ತಿಲಲ್ಲಿ ಹಸು ಕಟ್ಟುತ್ತಿದ್ದ ಕಿರಿಮಗಳ ಕಡೆ ಒಮ್ಮೆ ನೋಡಿದಳು. ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು ಸರಸರ ಒಳಗೆ ನಡೆದಳು. ಕೆಟ್ಟಿತು ಅಂದುಕೊಂಡೆ.

ಡಬ್ಬಿಯ ತುಂಬ ತಂಬಿಟ್ಟು ತುಂಬಿಸಿ ತಂದು ಅತ್ತೆಯ ಮಡಿಲಿಗಿಟ್ಟಳು.

"ಗಂಡು ದಿಕ್ಕಿಲ್ದೆ ಎಣ್ಮಕ್ಳ ಕಟ್ಕೊಂಡು ಬದುಕ್ತಾವಾ? ಅಂಗಾರೆ ಅವು ನಮ್ಮನೇವೇ ಕಣಕ್ಕ. ಇಲ್ಲೇ ಇರ್ಲಿ ಬುಡಿ."