ಫ್ಯೂಸು ಖಾದರ್ ಸಾಹೇಬರ ಜೇಬಿನಲ್ಲಿತ್ತು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ನಕ್ಕು ಸುಮ್ಮನಾಗುತ್ತಲೂ ಇರಲಿಲ್ಲ. ಎಷ್ಟು ಗಂಟೆಗೆ ಕಂಡಿತು, ಬೆಳಕು ಎಷ್ಟಿತ್ತು, ಜೊತೆಗೆ ಯಾರಿದ್ದರು, ಊಟವಾಗಿತ್ತೋ ಇಲ್ಲವೋ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಶಿವಮೊಗ್ಗದ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಇಪ್ಪತ್ತಾರು ವರ್ಷದವನಿಗೆ ಅದೊಂದು ಚಟವೇ ಆಗಿತ್ತು. ಈಗ ಅದೇ ಪ್ರಶ್ನೆಗಳಿಗೆ ನಾನೇ ಉತ್ತರ ಹೇಳಬೇಕಾದ ಸಂಗತಿಯನ್ನು ಬರೆಯಲು ಕೂತಿದ್ದೇನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕಂಡದ್ದು ಹಾಡಹಗಲಿನಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ. ಜೊತೆಗೆ ಇಬ್ಬರಿದ್ದರು. ಊಟವಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಭದ್ರಾವತಿಯಲ್ಲಿ ಆಫೀಸರುಗಳ ಕ್ಲಬ್ಬೊಂದಿತ್ತು. ಅದರ ಬಿಲಿಯರ್ಡ್ಸ್ ಕೋಣೆಯ ಮೂಲೆಯಲ್ಲಿ ಒಂದು ಪಿನ್‌ಬಾಲ್ ಯಂತ್ರ ನಿಂತಿತ್ತು. ಕೆಲಸದ ಮೇಲೆ ಬಂದಿದ್ದ ಪರದೇಶದ ಎಂಜಿನಿಯರೊಬ್ಬ ಹೋಗುವಾಗ ಬಿಟ್ಟುಹೋದದ್ದು. ನೋಡದವರಿಗಾಗಿ ಹೇಳುತ್ತೇನೆ: ನಾಲ್ಕು ಕಾಲಿನ ಮೇಲೆ ಇಳಿಜಾರಾಗಿ ನಿಂತ, ಗಾಜಿನ ಮುಚ್ಚಳದ ಮೇಜು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಪುಟ್ಟ ಕಂಬಗಳಿಗೆ ಬಡಿಯುತ್ತ ಕೆಳಗೆ ಉರುಳುತ್ತದೆ. ಬಡಿದಾಗಲೆಲ್ಲ ಗಂಟೆ ಹೊಡೆಯುತ್ತದೆ, ಹಿಂದಿನ ಪೆಟ್ಟಿಗೆಯಲ್ಲಿ ದೀಪಗಳು ಹತ್ತಿ ಅಂಕ ಏರುತ್ತದೆ. ಮೇಜನ್ನು ಅಲುಗಾಡಿಸಿ ಮೋಸ ಮಾಡಲು ಹೋದರೆ ‘ಟಿಲ್ಟ್’ ಎಂಬ ಕೆಂಪು ದೀಪ ಹತ್ತಿ ಆಟ ಅಲ್ಲಿಗೇ ನಿಂತುಹೋಗುತ್ತದೆ. ಕ್ಲಬ್ಬಿನ ಮಾರ್ಕರ್ ಚನ್ನಬಸಪ್ಪ ಇದನ್ನು ಗಂಟೆ ಮೇಜು ಎನ್ನುತ್ತಿದ್ದ. ಬಿಲಿಯರ್ಡ್ಸ್ ಆಡುವವರ ಅಂಕ ಬರೆಯುವುದು, ಮೇಜುಗಳನ್ನು ಒರೆಸುವುದು, ರಾತ್ರಿ ಬೀಗ ಹಾಕುವುದು ಅವನ ಕೆಲಸ. ಕ್ಲಬ್ಬಿನ ಹಿಂದೆಯೇ ಇದ್ದ ಒಂದೂವರೆ ಕೋಣೆಯ ಮನೆಯಲ್ಲಿ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳೊಂದಿಗೆ ವಾಸ.

ಆ ವರ್ಷ ದಸರಾ ಕಳೆದ ಮೇಲೆ ಯಂತ್ರ ಕೆಟ್ಟಿತು. ಗುಂಡು ಮೊದಲ ಕಂಬಕ್ಕೆ ತಾಕುವುದೇ ತಡ, ಯಾರೂ ಅಲುಗಿಸದೆಯೇ ಟಿಲ್ಟ್ ದೀಪ ಹತ್ತುತ್ತಿತ್ತು. ಚನ್ನಬಸಪ್ಪ ಬಾಗಿಲು ಹಾಕಿಕೊಂಡು ಗೆಳೆಯರ ಜೊತೆ ಆಡಿ, ಗುದ್ದಿ ಕೆಡಿಸಿದ್ದಾನೆಂದು ಕಾರ್ಯದರ್ಶಿಗಳು ತೀರ್ಮಾನಿಸಿದರು. ದೀಪಾವಳಿ ಕಳೆದ ಭಾನುವಾರ ಸಂಜೆ ಐದಕ್ಕೆ ಕಮಿಟಿ ಸೇರುವುದಿತ್ತು. ಅಷ್ಟರೊಳಗೆ ಬೇರೆ ಕಾರಣ ಸಿಗದಿದ್ದರೆ ಅವನು ಕೆಲಸವನ್ನೂ ಮನೆಯನ್ನೂ ಬಿಡಬೇಕು. ಜನ್ನಾಪುರದಲ್ಲಿ ಒಬ್ಬ ಭಾವಮೈದುನ ಇದ್ದನಂತೆ. ಅವನ ಮನೆಯಲ್ಲಿ ಆಗಲೇ ಒಂಬತ್ತು ಜನ.

ಕಾರ್ಯದರ್ಶಿಗಳು ನನ್ನ ಸೋದರಮಾವನ ಪರಿಚಯದವರು. ಸೈನ್ಸ್ ಓದಿದ ಹುಡುಗ ಒಮ್ಮೆ ನೋಡಲಿ ಎಂದು ಹೇಳಿಕಳಿಸಿದರು. ನನಗೆ ಓಮನ ನಿಯಮ ಬರುತ್ತಿತ್ತು, ಬೆಸುಗೆ ಹಾಕಲು ಬರುತ್ತಿರಲಿಲ್ಲ. ಅದಕ್ಕೆ ಖಾದರ್ ಸಾಹೇಬರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಶಿವಮೊಗ್ಗದ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು, ನಮ್ಮ ಕಾಲೇಜಿನ ಮೀಟರುಗಳನ್ನೂ ಅವರೇ ಸರಿಮಾಡಿಕೊಡುತ್ತಿದ್ದರು.

ಆ ಮೂರು ಭಾನುವಾರಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬೆಳಗಿನ ಬಸ್ಸು, ಖಾದರ್ ಸಾಹೇಬರ ತೊಡೆಯ ಮೇಲೆ ಮರದ ಸಾಮಾನು ಪೆಟ್ಟಿಗೆ, ಭದ್ರಾವತಿಯಲ್ಲಿ ಇಳಿದ ಕೂಡಲೇ ತಮಿಳರ ಹೋಟೆಲಿನಲ್ಲಿ ಇಡ್ಲಿ, ಮರಗಳ ಮೇಲೆ ಕಾಣುವ ಚಿಮಣಿಗಳ ಹೊಗೆ. ಮೊದಲ ಭಾನುವಾರ ಅವರು ತಮ್ಮ ಊಟದ ಡಬ್ಬಿ ತಂದಿದ್ದರು. ಚನ್ನಬಸಪ್ಪನ ಹೆಂಡತಿ ಅದನ್ನು ಕಂಡು ಬೇಜಾರು ಮಾಡಿಕೊಂಡಳೆಂದು ಮುಂದಿನ ವಾರದಿಂದ ತರಲಿಲ್ಲ. ಬಿಸಿ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬಿಲಿಯರ್ಡ್ಸ್ ಕೋಣೆಯ ನೆಲದ ಮೇಲೆಯೇ ಕೂತು ಮೂವರೂ ತಿನ್ನುತ್ತಿದ್ದೆವು.

ಯಂತ್ರದ ಹೊಟ್ಟೆ ತೆರೆದರೆ ಬಟ್ಟೆ ಸುತ್ತಿದ ಬಣ್ಣಬಣ್ಣದ ತಂತಿಗಳ ಕಾಡು. ಹಿಂದಿನ ಪೆಟ್ಟಿಗೆಯಲ್ಲಿ ಎರಡು ಸಾಲಾಗಿ ರಿಲೇಗಳು. ತಂತಿಯ ಸುರುಳಿಗೆ ವಿದ್ಯುತ್ ಬಂದರೆ ಅದು ಒಂದು ಕಬ್ಬಿಣದ ನಾಲಿಗೆಯನ್ನು ಟಕ್ ಎಂದು ಎಳೆದು ಹಿಡಿಯುತ್ತದೆ, ಆಗ ಅದರ ಹಿತ್ತಾಳೆ ಪಟ್ಟಿಗಳು ಒಂದಕ್ಕೊಂದು ತಾಕಿ ದೀಪಕ್ಕೋ ಗಂಟೆಗೋ ವಿದ್ಯುತ್ ಹರಿಯುತ್ತದೆ. ವಿದ್ಯುತ್ ನಿಂತರೆ ಸ್ಪ್ರಿಂಗು ನಾಲಿಗೆಯನ್ನು ಬಿಡಿಸುತ್ತದೆ. ರಿಲೇ ಎಂದರೆ ಇಷ್ಟೇ. ನಕ್ಷೆ ಇರಲಿಲ್ಲ. ಮೇಜು ಅಲುಗಿದ್ದನ್ನು ತಿಳಿಸುವ ತೂಗುಗುಂಡನ್ನು ಮೊದಲ ವಾರವೇ ಬಿಚ್ಚಿ ಪಕ್ಕಕ್ಕಿಟ್ಟಿದ್ದೆವು. ಆದರೂ ಟಿಲ್ಟ್ ದೀಪ ಹತ್ತಿತು. ಅಂದರೆ ವಿದ್ಯುತ್ತು ಬರಬಾರದ ಇನ್ನೊಂದು ದಾರಿಯಿಂದ ಬರುತ್ತಿದೆ. ಆ ದಾರಿ ಎಲ್ಲಿ? ನಾನು ಕಾಗದದ ಮೇಲೆ ಗೆರೆ ಎಳೆಯುತ್ತ ಸಿದ್ಧಾಂತ ಹೇಳುತ್ತಿದ್ದೆ. ಸಾಹೇಬರು ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಉದ್ದುದ್ದ ಕತ್ತರಿಸಿಟ್ಟುಕೊಂಡು, ಒಂದೊಂದೇ ರಿಲೇಯ ಹಿತ್ತಾಳೆ ಪಟ್ಟಿಗಳ ನಡುವೆ ತೂರಿಸಿ ಉಜ್ಜುತ್ತಿದ್ದರು.

‘ನಿಮ್ ಬಿ.ಎಸ್ಸಿ.ನ ಸ್ವಲ್ಪ ಆ ಕಡೆ ಇಡಿ ಮೇಷ್ಟ್ರೇ, ಟಾರ್ಚು ಈ ಕಡೆ ಹಿಡೀರಿ’ ಎನ್ನುತ್ತಿದ್ದರು.

ಅವರದೊಂದು ಶಿಸ್ತಿತ್ತು. ಯಾವ ಯಂತ್ರ ತೆರೆದರೂ ಮೊದಲು ಪ್ಲಗ್ಗು ಕಿತ್ತು, ಆಮೇಲೆ ಫ್ಯೂಸನ್ನೂ ಬಿಚ್ಚಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಎರಡೂ ಯಾಕೆಂದು ಕೇಳಿದ್ದೆ. ‘ಪ್ಲಗ್ಗು ಯಾರ್ ಬೇಕಾದ್ರೂ ಸಿಗಿಸ್ತಾರೆ. ನನ್ ಜೇಬಿಗೆ ಯಾರೂ ಕೈ ಹಾಕಲ್ಲ.’

ಮೂರನೆಯ ಭಾನುವಾರ ಊಟವಾದರೂ ದೋಷ ಸಿಕ್ಕಿರಲಿಲ್ಲ. ಕಮಿಟಿಗೆ ಎರಡು ಗಂಟೆ ಉಳಿದಿತ್ತು. ಚನ್ನಬಸಪ್ಪ ಗೋಡೆಗೆ ಒರಗಿ ಕೂತು, ತಟ್ಟೆಗಳನ್ನು ಮನೆಗೆ ಒಯ್ಯುವುದನ್ನೂ ಮರೆತಿದ್ದ. ಹಿಂದಿನ ಮನೆಯಲ್ಲಿ ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಸಾಹೇಬರೂ ನಾನೂ ತೆರೆದ ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತಿದ್ದೆವು. ಪ್ಲಗ್ಗು ನೆಲದ ಮೇಲೆ, ನನ್ನ ಚಪ್ಪಲಿಯ ಪಕ್ಕದಲ್ಲಿ ಬಿದ್ದಿತ್ತು.

ಆಗ ಕೆಳಗಿನ ಸಾಲಿನ ಕೊನೆಯಲ್ಲಿದ್ದ ರಿಲೇ ಟಕ್ ಎಂದಿತು.

ನೋಡಿದೆ. ನಾಲಿಗೆ ಒಳಕ್ಕೆ ಎಳೆದುಕೊಂಡಿತ್ತು. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಹಾಗೆಯೇ ಹಿಡಿದು ನಿಂತು, ಬಿಟ್ಟಿತು. ಮತ್ತೆ ಎಳೆಯಿತು, ಬಿಟ್ಟಿತು. ಮೂರನೆಯ ಸಲವೂ ಹಾಗೆಯೇ. ಆಮೇಲೆ ಸದ್ದಿಲ್ಲ. ಸಾಹೇಬರು ಅಂಗಿಯ ಜೇಬು ಮುಟ್ಟಿಕೊಂಡರು. ಗುಂಡಿ ಬಿಚ್ಚಿ ಫ್ಯೂಸನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿ, ಮತ್ತೆ ಒಳಗೆ ಹಾಕಿಕೊಂಡರು. ಚನ್ನಬಸಪ್ಪ ಎದ್ದು ನಿಂತು ಕೈ ಮುಗಿದಿದ್ದ.

ನನಗೆ ಹೊಳೆದ ಕಾರಣಗಳನ್ನೆಲ್ಲ ಅಲ್ಲೇ ಪರೀಕ್ಷಿಸಿದೆ. ಮೇಜಿನ ಕಾಲಿಗೆ ಒದ್ದೆ, ನೆಲ ಕುಟ್ಟಿದೆ. ಹೊರಗೆ ಲಾರಿಯೊಂದು ಹೋಗುವವರೆಗೂ ಕಾದೆ. ರಿಲೇ ಮಿಸುಕಲಿಲ್ಲ. ಅದುರಿದ್ದಕ್ಕೆ ನಾಲಿಗೆ ಒಮ್ಮೆ ಬಡಿಯಬಹುದು, ಸ್ಪ್ರಿಂಗಿಗೆ ಎದುರಾಗಿ ಹಿಡಿದು ನಿಲ್ಲಲಾರದು. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಆ ಯಂತ್ರದಲ್ಲಿ ಒಂದೂ ಇರಲಿಲ್ಲ. ಆ ದಿನದ ಡೈರಿಯಲ್ಲಿ ಎರಡೇ ಸಾಲು ಬರೆದಿದ್ದೇನೆ: ‘ಕರೆಂಟಿಲ್ಲದೆ ರಿಲೇ ಎಳೆಯಿತು. ಮೂರು ಸಲ.’ ಕೆಳಗೆ ಇನ್ನೊಂದು ಸಾಲು ಬರೆದು, ಓದಲಾಗದಂತೆ ಹೊಡೆದುಹಾಕಿದ್ದೇನೆ. ಏನು ಬರೆದಿದ್ದೆನೋ ಗೊತ್ತಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದೂ ನೋಡಿದ್ದೇನೆ.

ಆ ರಿಲೇಯನ್ನೇ ಸಾಹೇಬರು ಬಿಚ್ಚಿದರು. ಹೊರಗಿನಿಂದ ಹಿಂದಿನ ವಾರವೇ ಉಜ್ಜಿದ್ದದ್ದು. ಬಿಚ್ಚಿ ಹಿಂಬದಿಯಿಂದ ಲಗ್ನಪತ್ರಿಕೆಯ ತುಂಡು ತೂರಿಸಿ ಎಳೆದಾಗ ಅದು ಕೆಂಪಾಗಿ, ಅಂಟಂಟಾಗಿ ಬಂತು. ಮೂಸಿ ನೋಡಿ ಅವರು ಚನ್ನಬಸಪ್ಪನತ್ತ ತಿರುಗಿದರು.

‘ಕುಂಕುಮ ಅಲ್ವೇನೋ ಮಾರಾಯ ಇದು?’

ಅವನು ತಲೆ ತಗ್ಗಿಸಿದ. ಆಯುಧಪೂಜೆಯ ದಿನ ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು ನೀರನ್ನು ನೆತ್ತಿಯ ಮೇಲೆ ಪ್ರೋಕ್ಷಿಸಿದ್ದನಂತೆ. ಗಾಳಿಯಾಡಲು ಬಿಟ್ಟ ತೂತುಗಳಿಂದ ಅದು ಒಳಗಿಳಿದು, ಪಟ್ಟಿಗಳ ನಡುವೆ ಒಣಗಿ, ಟಿಲ್ಟ್ ದೀಪಕ್ಕೆ ಕಳ್ಳದಾರಿ ಮಾಡಿತ್ತು.

‘ಲೇತಿಗೂ ಪೂಜೆ ಮಾಡ್ತಾರೆ, ಸೈಕಲ್ಲಿಗೂ ಮಾಡ್ತಾರೆ ಸಾಬ್ರೇ. ಇದೊಂದನ್ನೇ ಬಿಟ್ರೆ ಬೇಜಾರು ಮಾಡ್ಕೊಳಲ್ವಾ?’

‘ಬೇಜಾರಿಲ್ಲ ಬಿಡು. ಕಾಯಿನೀರು ಕುಡಿದು ನೆಗಡಿ ಆಗಿದೆ ಅದಕ್ಕೆ.’ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಕೆಂಪು ಕಾಗದವನ್ನು ಮಡಿಸಿ ತಮ್ಮ ಪೆಟ್ಟಿಗೆಯ ತಳಕ್ಕೆ ಹಾಕಿಕೊಂಡರು.

ಐದಕ್ಕೆ ಕಾರ್ಯದರ್ಶಿಗಳು ತಾವೇ ಗುಂಡು ಬಿಟ್ಟು ನೋಡಿದರು. ಗಂಟೆ ಹೊಡೆಯಿತು, ಅಂಕ ಏರಿತು. ‘ಹಂಗಾದ್ರೆ ಇವನು ಗುದ್ದಿದ್ದಲ್ವಾ?’ ಎಂದು ಕೇಳಿದರು.

‘ಗುದ್ದಿದ್ರೆ ಏನಾದ್ರೂ ಮುರೀಬೇಕಿತ್ತು ಸಾರ್. ಏನೂ ಮುರಿದಿಲ್ಲ’ ಎಂದರು ಖಾದರ್ ಸಾಹೇಬರು.

ಮತ್ತೇನಾಗಿತ್ತು ಎಂಬ ಪ್ರಶ್ನೆಯನ್ನು ಕಾರ್ಯದರ್ಶಿಗಳು ನನ್ನತ್ತ ತಿರುಗಿಸಿದರು. ಓದಿದವನು ನಾನೇ ತಾನೆ. ‘ತೇವ ಸಾರ್’ ಎಂದೆ. ಅದನ್ನೇ ಅವರ ಮುಂದೆ ಬರೆದು ಸಹಿ ಹಾಕಿಕೊಟ್ಟೆ. ಕಾಯಿನೀರೂ ತೇವವೇ ಎಂದು ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಮಾಧಾನ ಮಾಡಿಕೊಂಡೆ. ರಿಲೇ ತಾನೇ ಎಳೆದದ್ದನ್ನು ಮಾತ್ರ ಬರೆಯಲಿಲ್ಲ. ಸಾಹೇಬರೂ ದಾರಿಯುದ್ದಕ್ಕೂ ಆ ಮಾತೆತ್ತಲಿಲ್ಲ.

ಐದಾರು ವರ್ಷಗಳ ಮೇಲೆ ಚನ್ನಬಸಪ್ಪನ ದೊಡ್ಡ ಮಗಳ ಮದುವೆಯಾಯಿತು, ಕ್ಲಬ್ಬಿನ ಹಿಂದಿನ ಅದೇ ಮನೆಯ ಮುಂದೆ ಚಪ್ಪರ ಹಾಕಿ. ನಾನೂ ಸಾಹೇಬರೂ ಹೋಗಿದ್ದೆವು. ಚಪ್ಪರದ ನೆರಳಿನಲ್ಲಿ ಕೂತಿದ್ದಾಗ ಕೊನೆಗೂ ನಾನೇ ಮಾತು ತೆಗೆದೆ. ಆ ರಿಲೇ ಮೂರು ಸಲ ಎಳೆದದ್ದು ಈಗಲೂ ನಿದ್ದೆಗೆಡಿಸುತ್ತದೆ ಎಂದೆ.

ಅವರು ನನ್ನ ಮುಖ ನೋಡಿದರು. ‘ಮೂರು ಸಲಾನಾ? ನಾನ್ ಕಂಡಿದ್ದು ಒಂದೇ ಸಲ. ಅದೂ ಕೆಳಗಿನ ಸಾಲಲ್ಲ ಮೇಷ್ಟ್ರೇ. ಮೇಲಿನ ಸಾಲು, ನಡುಮಧ್ಯದ್ದು.’

‘ಮತ್ತೆ ಕೆಳಗಿನದನ್ನ ಯಾಕೆ ಬಿಚ್ಚಿದ್ರಿ?’

‘ಅರೆ, ನೀವೇ ಬೆರಳಿಟ್ಟು ತೋರಿಸಿದ್ರಲ್ಲ. ಇದನ್ನ ಬಿಚ್ಚಿ ಅಂತ ಹೇಳಿದ್ರಿ.’

ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಬೆರಳು ಚಾಚಿದ್ದೂ ನೆನಪಿಲ್ಲ. ನಾನು ಕಂಡದ್ದು ನಿಜವಾದರೆ ವಿದ್ಯುತ್ತಿಲ್ಲದ ರಿಲೇ ತನ್ನ ದೋಷವನ್ನು ತಾನೇ ತೋರಿಸಿತು. ಸಾಹೇಬರು ಕಂಡದ್ದು ನಿಜವಾದರೆ, ಬೇರೆ ಯಾವುದೋ ಒಂದು ಅಲುಗಿದಾಗ ನನ್ನ ಬೆರಳು ಹೇಗೋ ಸರಿಯಾದ ಜಾಗಕ್ಕೆ ಹೋಯಿತು. ಎರಡರಲ್ಲಿ ಯಾವುದನ್ನು ನಂಬಲಿ? ಎರಡನೆಯದು ನನ್ನನ್ನು ಹೆಚ್ಚು ಹೆದರಿಸುತ್ತದೆ.

ಅಷ್ಟರಲ್ಲಿ ಚನ್ನಬಸಪ್ಪ ರೇಷ್ಮೆ ರುಮಾಲು ಸರಿಮಾಡಿಕೊಳ್ಳುತ್ತ ಬಂದ. ‘ಏನ್ರೀ ಇಬ್ರೂ ಇಲ್ಲೇ ಪಂಚಾಯ್ತಿ ಹೂಡಿದೀರಿ? ಎಲೆ ಹಾಕಿದಾರೆ, ಏಳಿ ಏಳಿ.’ ಆ ಮಧ್ಯಾಹ್ನ ಕೋಣೆಯಲ್ಲಿದ್ದ ಮೂರನೆಯವನು ಅವನು. ಕೇಳಿಬಿಡೋಣವೆಂದು ಬಾಯಿ ತೆರೆದೆ. ಅವನು ನಮ್ಮಿಬ್ಬರ ಕೈ ಹಿಡಿದು ಕರೆದುಕೊಂಡು ಹೋಗಿ ಪಂಕ್ತಿಯ ಮೊದಲಲ್ಲಿ ಕೂರಿಸಿ, ತಾನೇ ನೀರಿಟ್ಟ. ನಾನು ಕೇಳಲಿಲ್ಲ. ಆಮೇಲೂ ಎಷ್ಟೋ ಸಲ ಸಿಕ್ಕಿದ್ದಾನೆ, ಕೇಳಿಲ್ಲ. ಅವನು ಮೂರನೆಯದೊಂದನ್ನು ಹೇಳಿಬಿಟ್ಟರೆ ನಾನು ಕಂಡದ್ದೆಂದು ಹೇಳಿಕೊಳ್ಳಲು ನನ್ನ ಬಳಿ ಏನು ಉಳಿಯುತ್ತದೆ?