ಅಜ್ಜಿಗೆ ಗುರುತು ಸಿಗದ ಪಾತ್ರ

ಸೊರಬದಲ್ಲಿ ನಾನು ಪಾಠ ಹೇಳುವ ಹೈಸ್ಕೂಲಿನ ವಾರ್ಷಿಕೋತ್ಸವದ ದಿನ, ವೇದಿಕೆಯ ಹಿಂದಿನ ಕೋಣೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಮೀಸೆ ಅಂಟಿಸುತ್ತಿದ್ದರು. ಗೋಂದಿನ ಪುಟ್ಟ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟು ಮತ್ತು ರಾಳ ಬೆರೆತ ಆ ಘಾಟು ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಕಾರ್ಯಕ್ರಮದ ಪಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟೆ. ನಿಮಗೂ ಹೀಗೆ ಆಗಿರುತ್ತದೆ. ಯಾವುದೋ ಒಂದು ವಾಸನೆ ನಾವು ಎಲ್ಲಿದ್ದೇವೆ ಎಂಬುದನ್ನೇ ಮರೆಸಿ, ಈಗ ಇಲ್ಲದ ಮನೆಯೊಂದರ ಪಡಸಾಲೆಗೆ ಕರೆದೊಯ್ದು ಕೂರಿಸುತ್ತದೆ. ನನ್ನನ್ನು ಅದು ಶಿಕಾರಿಪುರದ ಆಚೆ, ಅಂಜನಾಪುರದ ಜಲಾಶಯದ ಪಕ್ಕದಲ್ಲಿದ್ದ ನಮ್ಮ ಮಣ್ಣಿನ ಮನೆಗೆ ಒಯ್ದಿತು. ಆ ಮನೆಗೆ ಎರಡು ವಾಸನೆಗಳಿದ್ದವು. ಒಂದು ಅಂಗಳದ ಕುರಿದೊಡ್ಡಿಯದು, ಅದು ವರ್ಷವಿಡೀ ಇರುತ್ತಿತ್ತು. ಇನ್ನೊಂದು ಈ ಗೋಂದಿನದು, ಅದು ದೊಡ್ಡಪ್ಪ ಬಂದಾಗ ಮಾತ್ರ ಬರುತ್ತಿತ್ತು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ, ಸಿನಿಮಾ ಮತ್ತು ಧಾರಾವಾಹಿಗಳ ನಟ. ಅವರ ಹೆಸರು ಹೇಳಿದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಆದರೆ ನೀವು ಅವರನ್ನು ನೂರು ಸಲವಾದರೂ ನೋಡಿದ್ದೀರಿ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮದುವೆ ಮಂಟಪದಲ್ಲಿ ಜಾತಕದ ತಕರಾರು ತೆಗೆಯುವ ಪುರೋಹಿತರು, ಲಂಚ ತಿಂದು ಮೀಸೆ ಒರೆಸಿಕೊಳ್ಳುವ ಇನ್ಸ್‌ಪೆಕ್ಟರು, ಮಗಳನ್ನು ಗಂಡನ ಮನೆಗೆ ಕಳಿಸಿ ಬಾವಿಕಟ್ಟೆಯ ಮೇಲೆ ಕೂತು ಅಳುವ ತಂದೆ, ನ್ಯಾಯಪೀಠದ ಮೇಲೆ ಕೂತು ಕನ್ನಡಕ ಏರಿಸುವ ಜಡ್ಜು, ಹೆಂಡದಂಗಡಿಯ ಮುಂದೆ ಮುಗ್ಗರಿಸುವ ಕುಡುಕ, ಎಲ್ಲ ಅವರೇ. ಒಂದೇ ವಾರದಲ್ಲಿ ಒಂದು ಧಾರಾವಾಹಿಯಲ್ಲಿ ಶಿಕ್ಷೆ ಕೊಟ್ಟು ಇನ್ನೊಂದರಲ್ಲಿ ಜೈಲಿಗೆ ಹೋಗಿದ್ದರು. ನಮ್ಮ ಊರಿನವರೇ ಇಬ್ಬರೂ ಒಬ್ಬರೇ ಎಂದು ನಂಬಿರಲಿಲ್ಲ. ಹೀಗೆ ಮೈ ಬದಲಿಸುವ ಮನುಷ್ಯ ನಮ್ಮ ಮನೆಯಲ್ಲಿ, ನಮ್ಮ ಚಾಪೆಯ ಮೇಲೆ ಕೂತು ನಮ್ಮಂತೆಯೇ ರೊಟ್ಟಿ ಮುರಿಯುತ್ತಾರಲ್ಲ ಎಂಬ ಬೆರಗು ನನಗೆ ಎಂದೂ ಹೋಗಲಿಲ್ಲ. ಅವರು ಊಟ ಮಾಡುವಾಗ ನಾನು ನನ್ನ ತಟ್ಟೆ ಮರೆತು ಅವರ ಮುಖವನ್ನೇ ನೋಡುತ್ತಿದ್ದೆ.

ಹಾಗೆ ನೋಡಿದರೆ ಅವರು ಕುರಿ ಕಾಯಬೇಕಾಗಿದ್ದವರು. ಅಜ್ಜ ಜ್ವರದಲ್ಲಿ ತೀರಿಹೋದಾಗ ಮನೆಗೆ ದೊಡ್ಡ ಮಗ ಅವರೇ. ಮಾರನೇ ವರ್ಷ ಕಂಬಳಿ ಮಾರಲು ಶಿಕಾರಿಪುರದ ಸಂತೆಗೆ ಹೋದವರು ಅಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಆಟ ನೋಡಿ ಬಂದು, ನಾನು ಹೋಗ್ತೀನಿ ಎಂದರಂತೆ. ಬೇರೆ ತಾಯಿಯಾಗಿದ್ದರೆ ರಂಪ ಮಾಡುತ್ತಿದ್ದಳು. ಅಜ್ಜಿ ಬುತ್ತಿ ಕಟ್ಟಿಕೊಟ್ಟು, "ಕುರಿ ನಿನ್ ತಮ್ಮ ನೋಡ್ಕೊಂತಾನೆ, ಹೋಗು. ಆದ್ರೆ ಯಾವ ವೇಷ ಹಾಕಿದ್ರೂ ನಂಗೆ ಗುರುತು ಸಿಗ್ತೈತೆ, ನೆಪ್ಪಿರ್ಲಿ" ಎಂದಳಂತೆ. ಮಗ ತನ್ನಿಂದ ದೂರವಾಗದಿರಲಿ ಎಂದು ಹೇಳಿದ ಮಾತು ಅದು. ದೊಡ್ಡಪ್ಪ ಅದನ್ನು ಪಂಥವೆಂದು ತೆಗೆದುಕೊಂಡರು. ಅವ್ವನಿಗೆ ಗುರುತು ಸಿಗದಂಥ ಒಂದೇ ಒಂದು ಪಾತ್ರ ಮಾಡಬೇಕು, ಆಗಲೇ ತಾನು ನಟ. ಮದುವೆಯನ್ನೂ ಮಾಡಿಕೊಳ್ಳದೆ ಆ ಒಂದು ಹಟದ ಹಿಂದೆ ಅವರು ಬದುಕನ್ನೇ ಕಳೆದರು.

ನನಗೆ ಎಂಟು ವರ್ಷವಿದ್ದಾಗ ಒಂದು ದಿನ ರಾಣೆಬೆನ್ನೂರಿನ ಕಡೆಯ ಕುರಿ ದಲ್ಲಾಳಿಯೊಬ್ಬ ಮನೆಗೆ ಬಂದ. ಹೊಟ್ಟೆ ಮುಂದೆ, ಹೆಗಲ ಮೇಲೆ ಹಸಿರು ಟವೆಲ್ಲು, ಬಾಯಿ ತುಂಬ ಎಲೆಯಡಿಕೆ. ದೊಡ್ಡಿಯೊಳಗೆ ಹೋಗಿ ಟಗರುಗಳ ತುಟಿ ಎತ್ತಿ ಹಲ್ಲು ನೋಡಿದ, ಬೆನ್ನು ಒತ್ತಿ ಮಾಂಸ ನೋಡಿದ, ಎಲ್ಲದಕ್ಕೂ ಕೊಂಕು ತೆಗೆದ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಬ್ಯಾಡಾದ್ರೆ ಬಿಡ್ರಿ, ನಮ್ ಕುರಿ ಯಾಕೆ ಬೈತೀರಿ?" ಎಂದು ಕೂಗಾಡುತ್ತಿದ್ದ. ಅಷ್ಟರಲ್ಲಿ ಅಜ್ಜಿ ಸೊಪ್ಪಿನ ಹೊರೆ ಹೊತ್ತು ದೂರದ ಬೇವಿನ ಮರದ ಹತ್ತಿರ ಬಂದವಳು, ದಲ್ಲಾಳಿ ನಾಲ್ಕು ಹೆಜ್ಜೆ ಹಾಕಿದ್ದನ್ನು ಕಂಡು ಅಲ್ಲಿಂದಲೇ, "ಉಂಡು ಬಂದೀಯೋ, ಹಂಗೇ ಬಂದೀಯೋ?" ಎಂದು ಕೇಳಿದಳು. ದಲ್ಲಾಳಿಯ ಹೊಟ್ಟೆ ಒಳಗೆ ಹೋಯಿತು, ಹೆಗಲು ಇಳಿಯಿತು, ಟವೆಲ್ಲು ತೆಗೆದು ನೆಲಕ್ಕೆ ಎಸೆದ. ನನ್ನ ಕಣ್ಣೆದುರೇ ಅವನು ದೊಡ್ಡಪ್ಪ ಆದ. ಅಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಹೆಂಗ್ ಗೊತ್ತಾತವ್ವಾ?" ಎಂದರು ದೊಡ್ಡಪ್ಪ, ಅಂಟಿಸಿದ ಮೀಸೆಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತ.

"ಕುರೀನ ಮುಖ ನೋಡಿ ಗುರುತು ಹಿಡೀತಾರೇನೋ? ನಡಿಗೆ ನೋಡ್ಬೇಕು. ಎಡಗಾಲು ಒಂಚೂರು ಹೊರಗೆ ಹಾಕ್ತೀಯ ನೀನು, ನಡಿಯಾಕೆ ಕಲ್ತಾಗಿಂದ."

ಅಜ್ಜಿ ಹೇಳಿದ್ದು ಕುರಿ ಕಾಯುವವರೆಲ್ಲ ಬಲ್ಲ ಮಾತು. ನಮ್ಮಲ್ಲಿ ನೂರಕ್ಕೂ ಮೇಲೆ ಕುರಿಗಳಿದ್ದವು, ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಜ್ಜಿ ಕಟ್ಟೆಯ ಮೇಲೆ ಕೂತು, ಧೂಳಿನಲ್ಲಿ ಬರುವ ಮಂದೆಯನ್ನು ನೋಡಿ, ಇದು ಯಾವ ಕುರಿಯ ಮರಿ, ಅದರ ತಾಯಿ ಹೇಗೆ ಹೆಜ್ಜೆ ಇಡುತ್ತಿತ್ತು ಎಂದು ಹೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಅದರಲ್ಲಿ ತಪ್ಪಿದವಳಲ್ಲ. ಅಂಥವಳ ಕಣ್ಣು ತಪ್ಪಿಸಲು ಹೊರಟಿದ್ದರು ನಮ್ಮ ದೊಡ್ಡಪ್ಪ.

ಅಂದಿನಿಂದ ಅವರು ಮುಖದ ಗೊಡವೆ ಬಿಟ್ಟು ಕಾಲಿನ ಹಿಂದೆ ಬಿದ್ದರು. ಊರಿಗೆ ಬಂದಾಗ ನನ್ನನ್ನು ಶಿಕಾರಿಪುರದ ಬಸ್ ನಿಲ್ದಾಣಕ್ಕೆ ಕರೆದೊಯ್ದು, ಕಡಲೆಕಾಯಿ ಕೊಡಿಸಿ, ಕಲ್ಲುಬೆಂಚಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಆನವಟ್ಟಿಯ ಬಸ್ಸು ಬಂದು ನಿಂತು ಜನ ಇಳಿದರೆ, "ಮುಖ ನೋಡಬೇಡ, ಪಾದ ನೋಡು" ಎನ್ನುವರು. ಆಸ್ಪತ್ರೆಗೆ ಬಂದವರು ಹೇಗೆ ನಡೆಯುತ್ತಾರೆ, ಕೋರ್ಟಿಗೆ ಬಂದವರು ಹೇಗೆ, ಬೀಗರ ಮನೆಗೆ ಬಂದವರು ಹೇಗೆ ಎಂದು ಪಿಸುಗುಟ್ಟುವರು. ಆಮೇಲೆ ಎದ್ದು, ಕೈಯಲ್ಲಿ ಪಹಣಿ ಕಾಗದ ಹಿಡಿದು ಆಗಷ್ಟೇ ಹೋದ ಮುದುಕನೊಬ್ಬನ ಹಿಂದೆಯೇ ಹತ್ತು ಹೆಜ್ಜೆ ನಡೆದು ಬರುವರು. ಷರಟು ಪ್ಯಾಂಟು ಅವೇ, ಮುಖವೂ ಅದೇ. ಆದರೂ ನನ್ನ ಕಡೆ ಬರುತ್ತಿದ್ದವನು ಬೇರೆ ಯಾರೋ ಆಗಿರುತ್ತಿದ್ದ. ನನಗೆ ಹೆದರಿಕೆಯಾಗಿ, "ದೊಡ್ಡಪ್ಪಾ, ಸಾಕು" ಎಂದು ಅವರ ಕೈ ಹಿಡಿದುಕೊಂಡದ್ದುಂಟು. ಇವತ್ತಿಗೂ ನಾನು ಮಕ್ಕಳ ಮುಖಕ್ಕಿಂತ ಮೊದಲು ಚಪ್ಪಲಿ ನೋಡುತ್ತೇನೆ. ಶಾಲೆಯಲ್ಲಿ ಅದಕ್ಕೆ ನನ್ನನ್ನು ಹಿಂದಿನಿಂದ ಆಡಿಕೊಳ್ಳುತ್ತಾರೆ ಎಂಬುದೂ ಗೊತ್ತಿದೆ.

ಅವರು ಟೀವಿಯಲ್ಲಿ ಬರುವ ಸಂಜೆ ಪಡಸಾಲೆ ತುಂಬಿರುತ್ತಿತ್ತು. ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿರುವಾಗಲೇ ಅಜ್ಜಿ ಸೌತೆಬೀಜ ಸುಲಿಯುತ್ತ, "ಅಗಾ, ಆ ಕೊಡೆ ಹಿಡ್ಕಂಡೋನು" ಎಂದು ಮುಗಿಸಿಬಿಡುತ್ತಿದ್ದಳು. ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಫೋನು. ನಾನು ಎತ್ತಿದರೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅಜ್ಜಿ ಹಿಡಿದಳಾ?" ಹೌದು ದೊಡ್ಡಪ್ಪಾ ಎಂದರೆ ಆ ಕಡೆ ಒಂದು ಸಣ್ಣ ನಗು, ಆಮೇಲೆ ಕುರಿಗಳ ವಿಚಾರ. ಚೆನ್ನಾಗಿತ್ತಾ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ಆ ನಗುವಿನಲ್ಲಿ ಸೋಲಿತ್ತು ಎಂಬುದು ನನಗೆ ತಿಳಿಯುವ ಹೊತ್ತಿಗೆ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು.

ನಾನು ಪಿಯುಸಿ ಓದುವಾಗ ಅವರಿಗೆ ಒಂದು ಸಿನಿಮಾದಲ್ಲಿ ಮುದುಕ ಕುರಿಗಾಹಿಯ ಪಾತ್ರ ಸಿಕ್ಕಿತು, ನಮಗೆ ಅದು ತಿಳಿದದ್ದು ಆಮೇಲೆ. ಅಷ್ಟು ದೊಡ್ಡ ಪಾತ್ರ ಅದಕ್ಕೆ ಮೊದಲು ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಚಿತ್ರೀಕರಣಕ್ಕೆ ಮೊದಲು, ಬಿಡುವಿದೆ ಎಂದಷ್ಟೇ ಹೇಳಿ, ಹದಿನೈದು ದಿನ ಊರಿಗೆ ಬಂದು ಅಪ್ಪನ ಜೊತೆ ಮಂದೆಯ ಹಿಂದೆ ಅಲೆದರು. ಬೇಸಿಗೆಯಾದ್ದರಿಂದ ಜಲಾಶಯದ ನೀರು ಹಿಂದೆ ಸರಿದು ಹುಲ್ಲು ಚಿಗುರಿತ್ತು. ಅಪ್ಪ ಮುಂದೆ, ಅವರು ಒಬ್ಬರೇ ತುಂಬ ಹಿಂದೆ. ಏನು ಮಾಡುತ್ತಿದ್ದಾರೆಂದು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದರು. ಅಪ್ಪ ಆ ದಿನಗಳಲ್ಲಿ ಯಾಕೋ ಮಂಕಾಗಿರುತ್ತಿದ್ದ, ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದ.

ಸಿನಿಮಾ ಶಿಕಾರಿಪುರದ ಟಾಕೀಸಿಗೆ ಬಂದಾಗ ದೊಡ್ಡಪ್ಪ ಅದಕ್ಕಾಗಿಯೇ ಊರಿಗೆ ಬಂದರು. ಅಜ್ಜಿಯ ಕಣ್ಣಿನ ಪೊರೆ ತೆಗೆಸಿ ಆಗಷ್ಟೇ ವರ್ಷವಾಗಿತ್ತು. ಬೆಳಗಿನ ಆಟಕ್ಕೆ ಅಜ್ಜಿ, ಅಪ್ಪ, ಅವ್ವ, ನಾನು, ಎಲ್ಲರನ್ನೂ ಬಸ್ಸಿನಲ್ಲಿ ಕರೆದೊಯ್ದು ಮಧ್ಯದ ಸಾಲಿನಲ್ಲಿ ಕೂರಿಸಿ, ತಾವು ಅಜ್ಜಿಯ ಪಕ್ಕ ಕೂತರು. ಪಾತ್ರ ಯಾವುದೆಂದು ನಮಗಾರಿಗೂ ಹೇಳಿರಲಿಲ್ಲ. "ಇದ್ರಾಗೆ ಅದೀನಿ ಅವ್ವಾ, ಹುಡುಕು" ಎಂದರು ಅಷ್ಟೇ. ಅಜ್ಜಿ ಮುಂದಕ್ಕೆ ಬಾಗಿ ಒಬ್ಬೊಬ್ಬರನ್ನೇ ಜರಡಿ ಹಿಡಿದಳು. ಆ ಗೌಡ ಅಲ್ಲ, ಆ ಮೇಷ್ಟ್ರು ಅಲ್ಲ, ಆ ಕಂಡಕ್ಟರಂತೂ ಅಲ್ಲವೇ ಅಲ್ಲ. ದೊಡ್ಡಪ್ಪ ಕುರ್ಚಿಯ ಕೈ ಹಿಡಿದು ಕೂತಿದ್ದರು. ಆಗ ಪರದೆಯ ಮೇಲೆ ಒಂದು ಬಯಲು ಬಂತು. ಬಯಲಿನ ತುದಿಯಲ್ಲಿ ಹೆಗಲಿಗೆ ಕಂಬಳಿ ಹಾಕಿದ ಮುದುಕನೊಬ್ಬ ನಮ್ಮ ಕಡೆಗೆ ನಡೆದು ಬರುತ್ತಿದ್ದ. ಮೊಣಕಾಲು ಮಡಿಸದೆ, ಸೊಂಟದಿಂದಲೇ ಹೆಜ್ಜೆ ಎತ್ತಿ ಹಾಕುವ ನಡಿಗೆ. ನಡುವೆ ನಿಂತು, ಬಲಗಾಲಿನ ಹಿಮ್ಮಡಿಯನ್ನು ಎಡ ಮೀನಖಂಡಕ್ಕೆ ಉಜ್ಜಿ, ಕುರಿಗಳ ಕಡೆ ತಿರುಗಿ ಎರಡು ಸಲ ಕೆಮ್ಮಿದ. ಮಂದೆ ತಲೆ ಎತ್ತಿತು. ನನ್ನ ಪಕ್ಕದಲ್ಲಿ ಸೀರೆಯ ಸದ್ದಾಯಿತು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು.

ದೊಡ್ಡಪ್ಪ ಅವಳ ಕಿವಿಯ ಹತ್ತಿರ ಬಾಗಿ, "ಅವ್ವಾ, ಆ ಮುದುಕ ಯಾರು, ಗೊತ್ತಾತಾ?" ಎಂದರು.

ಅಜ್ಜಿ ಅವರ ಕಡೆ ತಿರುಗಲಿಲ್ಲ. "ಸುಮ್ನಿರು. ನಿಮ್ಮಪ್ಪ ಬರ್ತಾ ಅದಾರೆ" ಎಂದಳು.

ನಾನು ಅಜ್ಜನನ್ನು ನೋಡಿದವಳಲ್ಲ, ನಾನು ಹುಟ್ಟುವ ಎಷ್ಟೋ ಮೊದಲೇ ಹೋದವರು. ಆದರೆ ಅತ್ತ ಕೂತಿದ್ದ ಅಪ್ಪ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದು ಕಂಡಾಗ ನನಗೆ ಎಲ್ಲವೂ ಅರ್ಥವಾಯಿತು. ಸತ್ತ ತಂದೆಯ ನಡಿಗೆಯನ್ನು ಇಷ್ಟು ವರ್ಷ ಒಳಗೆ ಕಾಪಿಟ್ಟುಕೊಂಡು, ಅದನ್ನು ತಮ್ಮ ಕಾಲಿಗೆ ಇಳಿಸಿಕೊಂಡಿದ್ದರು ಈ ಮನುಷ್ಯ. ಪಂಥ ಗೆದ್ದಿದ್ದರು. ಮುಖದಲ್ಲಿ ಗೆಲುವು ಕಾಣುತ್ತದೆಂದು ತಿರುಗಿ ನೋಡಿದೆ. ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಆಟ ಮುಗಿಯುವವರೆಗೂ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು, ತಾನೂ ಇಲ್ಲೇ ಇದ್ದೇನೆ ಎಂದು ಹೇಳಲು ಬಾಯಿ ಬರದ ಮಗುವಿನ ಹಾಗೆ.

ಆಟ ಮುಗಿಸಿ ಬಸ್ಸು ಹತ್ತಿದೆವು. ಊರು ಹತ್ತಿರವಾದಾಗ ಅಜ್ಜಿಯೇ, "ನೀನು ಅಂತ ತಿಳೀಲೇ ಇಲ್ಲ ಕಣೋ. ಗೆದ್ದೆ ಬಿಡು" ಎಂದಳು.

"ಗೆಲ್ಲಬಾರ್ದಾಗಿತ್ತವ್ವ" ಎಂದರು ದೊಡ್ಡಪ್ಪ. "ನಿನ್ ಪಕ್ಕದಾಗೇ ಕುಂತಿದ್ದೆ, ನಾನು ನಿನಗೆ ಎಲ್ಲೂ ಕಾಣ್ಲಿಲ್ಲ."

ಅಜ್ಜಿ ಅವರ ಮೊಣಕಾಲಿನ ಮೇಲೆ ಕೈ ಇಟ್ಟಳು. "ಹೋದೋರನ್ನ ಕರ್ಕಂಡು ಬಂದೀಯಲ್ಲ. ಅದು ಯಾರ್ ಕೈಲಾಗ್ತೈತಪ್ಪ?" ಎಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ, ಆ ಮುದುಕನ ಒಂದು ಫೋಟೊ ಸಿಗುತ್ತದೇನೋ ಎಂದು ಕೇಳಿದಳು. ಅಜ್ಜನ ಒಂದು ಫೋಟೊವೂ ನಮ್ಮ ಮನೆಯಲ್ಲಿರಲಿಲ್ಲ. ಮಂದೆಯ ಹಿಂದೆ ಊರೂರು ಅಲೆದ ಮನುಷ್ಯನನ್ನು ಯಾರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು ಹೇಳಿ.

ಮುಂದಿನ ಸಲ ಬಂದಾಗ ದೊಡ್ಡಪ್ಪ ಆ ಪಾತ್ರದ ದೊಡ್ಡ ಫೋಟೊ ಕಟ್ಟು ಹಾಕಿಸಿ ತಂದರು. ಅಜ್ಜಿ ಅದನ್ನು ಪಡಸಾಲೆಯ ಗೋಡೆಗೆ ಹಾಕಿಸಿ, ಕುಂಕುಮ ಇಟ್ಟು, ಸೇವಂತಿಗೆಯ ಹಾರ ತಂದು ತೊಡಿಸಲು ಹೋದಳು. ನನ್ನ ಅವ್ವ ಒಳಗಿನಿಂದ ಓಡಿ ಬಂದಳು. "ಅತ್ತೀ, ಏನ್ ಮಾಡ್ತೀರಿ? ಬದುಕಿರೋರ ಫೋಟೊಕ್ಕೆ ಹಾರ ಹಾಕ್ತಾರೇನ್ರಿ?" ಎಂದು ಹಾರ ಕಸಿದುಕೊಂಡಳು. ಅಜ್ಜಿ ತಪ್ಪು ಮಾಡಿದ ಮಗುವಿನಂತೆ ನಿಂತಳು. ದೊಡ್ಡಪ್ಪ ಮೆಲ್ಲಗೆ ಎದ್ದು ಬಂದು, ಹಾರವನ್ನು ಅವ್ವನ ಕೈಯಿಂದ ತೆಗೆದುಕೊಂಡು, "ಅದು ನಾನಲ್ಲಮ್ಮ" ಎಂದು ಹೇಳಿ ತಾವೇ ತೊಡಿಸಿದರು. ಆಮೇಲೆ ಹೊರಗೆ ಹೋಗಿ ದೊಡ್ಡಿಯ ಬೇಲಿ ಹಿಡಿದು ನಿಂತರು. ಆ ದಿನದ ನಂತರವೂ ಅವರು ಪಾತ್ರಗಳನ್ನು ಮಾಡಿದರು, ಚೆನ್ನಾಗಿಯೇ ಮಾಡಿದರು. ಆದರೆ ಫೋನಿನಲ್ಲಿ ಆ ಪ್ರಶ್ನೆ ಮತ್ತೆ ಕೇಳಲಿಲ್ಲ.

ಅಜ್ಜಿ ಅದಾಗಿ ನಾಲ್ಕು ವರ್ಷಕ್ಕೆ ಹೋದಳು. ಅಪ್ಪ ಮಣ್ಣಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ದೊಡ್ಡಪ್ಪ ಮೂರು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಚಿತ್ರೀಕರಣ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಅವರ ಫೋಟೊ ಬೇಕೆಂದು ನಾನೂ ಅಪ್ಪನೂ ಅವರ ಟ್ರಂಕು ತೆಗೆದು ನೆಲದ ಮೇಲೆ ಹರಡಿದೆವು. ನೂರಾರು ಫೋಟೊಗಳು: ಜಡ್ಜು, ಕಳ್ಳ, ಸನ್ಯಾಸಿ, ಸಾಹುಕಾರ, ಕುಡುಕ. ಯಾವುದನ್ನು ಎತ್ತಿದರೂ ಅದ್ಭುತ, ಯಾವುದರಲ್ಲೂ ನಮ್ಮ ಮನೆಯ ಮನುಷ್ಯನಿಲ್ಲ. ಆಧಾರ್ ಕಾರ್ಡಿನ ಚಿತ್ರ ನೋಡಿ ಅಪ್ಪ, "ಇವನ್ಯಾರೋ ಗೊತ್ತಿಲ್ಲ" ಎಂದು ಪಕ್ಕಕ್ಕೆ ಇಟ್ಟ. ನಾನು ಕಣ್ಣು ಮುಚ್ಚಿ ಅವರ ನಿಜವಾದ ಮುಖ ನೆನೆಯಲು ನೋಡಿದೆ. ಬರಲಿಲ್ಲ, ನಾಚಿಕೆಯಾಗಿ ಅತ್ತುಬಿಟ್ಟೆ. ಅಪ್ಪ ಹೊಸ ಗೋಡೆಗೂ ತಂದು ಹಾಕಿದ್ದ ಕುರಿಗಾಹಿಯ ಫೋಟೊದ ಕಡೆ ಕೈ ತೋರಿಸಿ, "ಬ್ಯಾರೆ ಯಾಕೆ ಮಗಾ, ಅದ್ರಾಗೆ ಇಬ್ರೂ ಅದಾರೆ" ಎಂದ.

ಈಗ ಹಿರಿಯರ ಹಬ್ಬಕ್ಕೆ ನಾನು ಸೊರಬದಿಂದ ತಪ್ಪದೆ ಹೋಗುತ್ತೇನೆ. ಅಜ್ಜಿಯ ಫೋಟೊದ ಮುಂದೆ ಒಂದು ಎಡೆ ಇಡುತ್ತೇವೆ. ಕಂಬಳಿ ಹೊದ್ದ ಮುದುಕನ ಫೋಟೊದ ಮುಂದೆ ಎರಡು.